ನನ್ನ ಕತೆಯ ಮೆಣಸಿನಕಾಯಿ

ಕತೆಯ ಮೊದಲ ಪ್ರತಿ ಓದಿ ಮುಗಿಸಿ ನಮ್ಮ ದೊಡ್ಡಮ್ಮ ಕೇಳಿದ್ದು ಒಂದೇ ಮಾತು. "ಬ್ಯಾಡಗಿ ಮೆಣಸಿನಕಾಯಿ ಯಾವಾಗಿಂದ ಇಷ್ಟು ಖಾರ ಆತವಾ?"

ನಾನಿರುವುದು ಧಾರವಾಡದಲ್ಲಿ. ತವರು ಹಾವೇರಿ ಕಡೆ. ಹನ್ನೆರಡು ವರ್ಷದಿಂದ ಸಣ್ಣ ಕತೆ ಬರೆಯುತ್ತಿದ್ದೇನೆ. ಈ ಕತೆ ಬ್ಯಾಡಗಿ ಹತ್ತಿರದ ಒಂದು ಮನೆಯದ್ದು. ಅಣ್ಣ ತಮ್ಮ ಬೇರೆಯಾಗಿದ್ದಾರೆ. ಹೊಲದ ಬದುವಿಗಾಗಿ ಜಗಳವಾಗಿ ಮಾತು ಬಿಟ್ಟಿದ್ದಾರೆ. ಅಣ್ಣನ ಸಿಟ್ಟಿಗೆ ಮನೆ ಮಂದಿಯೆಲ್ಲ ಅಂಜುತ್ತಾರೆ. ಆ ಸಿಟ್ಟನ್ನು ನೇರವಾಗಿ ಹೇಳಬಾರದು, ಒಂದು ವಸ್ತುವಿನಲ್ಲಿ ಕಾಣಿಸಬೇಕು ಅಂತ ನನಗೆ ಆಸೆ. ಅದಕ್ಕೆ ಮೆಣಸಿನಕಾಯಿ ತಂದೆ. ಅಂಗಳದ ತುಂಬ ಒಣಗಲು ಹಾಕಿದ ಕೆಂಪು ರಾಶಿ, ನಡುವೆ ಮುಖ ಕೆಂಪಾಗಿಸಿಕೊಂಡು ನಿಂತ ಅಣ್ಣ. ಕೆಂಪು ಅಂದರೆ ಸಿಟ್ಟು, ಮೆಣಸಿನಕಾಯಿ ಅಂದರೆ ಖಾರ. ಸರಿಯಾಗಿ ಕೂತಿದೆ ಅಂದುಕೊಂಡಿದ್ದೆ.

ದೊಡ್ಡಮ್ಮನ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ದಿನಾ ಅಡುಗೆ ಮಾಡುವವಳು. ವರ್ಷದ ಖಾರಪುಡಿ ಮಾಡಿಸುವಾಗ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಅಂತ ಎರಡನ್ನೂ ತೂಗಿ ಬೆರೆಸುತ್ತೇನೆ. ಬ್ಯಾಡಗಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಇದು ಕೈಗೆ ಗೊತ್ತಿತ್ತು. ಬರೆಯಲು ಕೂತಾಗ ಮಾತ್ರ ಹತ್ತು ಕಡೆ ಓದಿದ ಅರ್ಥವೇ ಮೊದಲು ಬಂತು. ಕಾಯಿಯನ್ನು ನಾನು ನೋಡಲೇ ಇಲ್ಲ.

ಅವತ್ತಿನಿಂದ ನಾನು ಒಂದು ಕ್ರಮ ಹಿಡಿದಿದ್ದೇನೆ. ಕತೆಗೆ ಒಂದು ವಸ್ತು ಬೇಕು ಅನ್ನಿಸಿದರೆ, ಅದರ ಅರ್ಥ ಏನು ಅಂತ ಸದ್ಯಕ್ಕೆ ಕೇಳುವುದಿಲ್ಲ. ಅದು ಏನು ಮಾಡುತ್ತದೆ, ಅದಕ್ಕೆ ಏನಾಗುತ್ತದೆ, ಅದನ್ನು ಯಾರ ಕೈ ಮುಟ್ಟುತ್ತದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ.

ಮೆಣಸಿನಕಾಯಿಯ ಹಾಳೆ ತುಂಬಿಸಲು ಬ್ಯಾಡಗಿಗೇ ಹೋದೆ. ಸುಗ್ಗಿಯ ದಿನ. ಮೋಟೆಬೆನ್ನೂರಿನಿಂದ ಒಳಗೆ ತಿರುಗಿದರೆ ಊರು ಕಾಣುವ ಮೊದಲೇ ಘಾಟು ಮೂಗಿಗೆ ಬರುತ್ತದೆ. ಮಾರುಕಟ್ಟೆಯಲ್ಲಿ ಚೀಲದ ಮೇಲೆ ಚೀಲ. ಒಂದು ಕಡೆ ಗಿಡ್ಡಗೆ, ದುಂಡಗಿರುವ ಡಬ್ಬಿ ಜಾತಿಯ ಕಾಯಿ. ಇನ್ನೊಂದು ಕಡೆ ಉದ್ದಕ್ಕೆ, ತೆಳ್ಳಗಿರುವ ಕಡ್ಡಿ ಜಾತಿಯದ್ದು. ಕೊಳ್ಳುವವರು ಒಂದು ಹಿಡಿ ತೆಗೆದು ಬೆಳಕಿಗೆ ಹಿಡಿಯುತ್ತಾರೆ, ಸುಕ್ಕು ನೋಡುತ್ತಾರೆ, ಮುರಿದು ಮೂಸುತ್ತಾರೆ. ದರ ನಿಲ್ಲುವುದು ಹೆಚ್ಚಾಗಿ ಬಣ್ಣದ ಮೇಲೆ. ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ಗೂ ಹೋಗುತ್ತದಂತೆ. ಈ ಲಿಪ್‌ಸ್ಟಿಕ್ ಸಂಗತಿ ಕತೆಗೆ ಹಾಕಬೇಕು ಅಂತ ತುಂಬ ಆಸೆಯಾಗಿತ್ತು. ಬಿಟ್ಟೆ. ನನ್ನ ಕತೆಯ ಮನೆಯಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ಅವರಿಗೆ ಗೊತ್ತಿಲ್ಲದ್ದನ್ನು ನಾನು ಹೊರಗಿನಿಂದ ತಂದು ಇಟ್ಟರೆ ಅದು ನನ್ನ ಜಾಣತನ ಆಗುತ್ತದೆ, ಕತೆಯದ್ದಾಗುವುದಿಲ್ಲ.

ನನಗೆ ನಿಜಕ್ಕೂ ಸಿಕ್ಕಿದ್ದು ಕೋಲ್ಡ್ ಸ್ಟೋರೇಜ್. ಒಣಗಿದ ಕಾಯಿಯನ್ನು ಹೊರಗೆ ಇಟ್ಟರೆ ಬಿಸಿಲಿಗೆ, ಸೆಕೆಗೆ ದಿನ ಕಳೆದಂತೆ ಬಣ್ಣ ಇಳಿಯುತ್ತದೆ. ತಣ್ಣಗೆ, ಕತ್ತಲಲ್ಲಿ ಇಟ್ಟರೆ ಬಣ್ಣ ಉಳಿಯುತ್ತದೆ. ದರ ಬರಲಿ ಅಂತ ರೈತರು, ವ್ಯಾಪಾರಸ್ಥರು ಚೀಲಗಳನ್ನು ಅಲ್ಲಿ ಇಟ್ಟು ಕಾಯುತ್ತಾರೆ. ಇದನ್ನು ಕೇಳಿದಾಗ ಮೈ ಜುಮ್ ಅಂದಿತು. ಅಣ್ಣನ ಸಿಟ್ಟು ಇದೇ ಅಲ್ವಾ? ಬದುವಿನ ಜಗಳದಲ್ಲಿ ಒಂದು ದಿನ ಕೂಗಾಡಿ ಮುಗಿಸಿದ್ದರೆ ಅದೂ ಬಿಸಿಲಿಗೆ ಬೆಳ್ಳಗಾಗುತ್ತಿತ್ತು. ಅವನು ಅದನ್ನು ತಣ್ಣಗೆ ಇಟ್ಟು ಕಾದಿದ್ದಾನೆ.

ಆದರೆ ಇದನ್ನು ಕತೆಯಲ್ಲಿ ಹೇಳಬಾರದು. ಆಗಬೇಕು. ಹಾಗಾಗಿ ಕತೆಯ ಓಟವನ್ನೇ ಬದಲಿಸಿದೆ. ಪಾಲಾಗುವ ಮೊದಲು ಇಟ್ಟ ಹತ್ತು ಚೀಲ ಕೋಲ್ಡ್ ಸ್ಟೋರೇಜ್‌ನಲ್ಲಿವೆ. ರಸೀದಿಯಲ್ಲಿ ಇಬ್ಬರ ಹೆಸರೂ ಇದೆ. ಒಬ್ಬನೇ ಹೋದರೆ ಕೊಡುವುದಿಲ್ಲ. ಇಬ್ಬರೂ ಕೂಡಿ ಹೋಗುವುದಿಲ್ಲ. ಬಾಡಿಗೆ ಏರುತ್ತಿದೆ. ಈಗ ಮೆಣಸಿನಕಾಯಿಗೆ ಕತೆಯಲ್ಲಿ ಒಂದು ಕೆಲಸ ಬಂತು. ಅದನ್ನು ಕಿತ್ತರೆ ಕತೆಯೇ ನಿಲ್ಲುವುದಿಲ್ಲ. ಮೊದಲ ಪ್ರತಿಯಲ್ಲಿ ಅದನ್ನು ಕಿತ್ತು ಗೋಧಿ ಹಾಕಿದ್ದರೂ ನಡೆಯುತ್ತಿತ್ತು.

ನಮ್ಮ ಕಡೆಯ ಶಿಶುನಾಳ ಶರೀಫರು ಸೋರುವ ಮಾಳಿಗೆಯನ್ನು ಹಾಡಿದ್ದು ಎಲ್ಲರಿಗೂ ಗೊತ್ತು. ಆ ಮಾಳಿಗೆ ನಮ್ಮ ದೇಹ ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದಕ್ಕೂ ಮೊದಲಿನದ್ದು. ಮುರುಕು ತೊಲೆ, ಹುಳ ಹಿಡಿದ ಜಂತಿ, ಸಡಿಲಾದ ಕೀಲು, ಎಲ್ಲ ಅಲ್ಲಿ ಬರುತ್ತವೆ. ಮಳೆಗಾಲದಲ್ಲಿ ಮಣ್ಣಿನ ಮಾಳಿಗೆಯ ಕೆಳಗೆ ಮಲಗಿದವರಿಗೆ ಮಾತ್ರ ಆ ವಿವರ ಸಿಗುತ್ತದೆ. ಮಾಳಿಗೆ ಮೊದಲು ನಿಜವಾಗಿ ಸೋರಿದೆ. ನನ್ನ ಚೀಲಗಳೂ ಮೊದಲು ನಿಜವಾದ ಚೀಲ ಆಗಲಿ ಅಂತ ಅವುಗಳ ತೂಕ, ಹೊಲಿಗೆಯ ದಾರ, ಮೇಲೆ ಬರೆದ ನಂಬರು, ಇವನ್ನೆಲ್ಲ ಕೂತು ಬರೆದೆ.

ಆಮೇಲೆ ಕೆಂಪು ಪೆನ್ಸಿಲ್ ಹಿಡಿದು ಎಣಿಸಿದೆ. ಮೊದಲ ಪ್ರತಿಯಲ್ಲಿ ಮೆಣಸಿನಕಾಯಿ ಹದಿನಾಲ್ಕು ಸಲ ಬಂದಿತ್ತು. ನಾಲ್ಕಕ್ಕೆ ಇಳಿಸಿದೆ. ಮೊದಲ ಸಲ ಸುಮ್ನೆ ಬೆಳೆಯಾಗಿ, ಓದುವವರ ಗಮನ ಬೇರೆ ಕಡೆ ಇರುವಾಗ. ಎರಡನೇ ಸಲ ರಸೀದಿಯಾಗಿ. ಅಲ್ಲಿ ಕಾಯಿ ಕಾಣುವುದೇ ಇಲ್ಲ, ಕಾಗದ ಮಾತ್ರ. ಮೂರನೇ ಸಲ ಬರೀ ಘಾಟು, ತಮ್ಮನ ಮನೆಯಿಂದ ಒಗ್ಗರಣೆಯದ್ದು ಗೋಡೆ ದಾಟಿ ಬರುತ್ತದೆ. ಕೊನೆಗೆ ಇಬ್ಬರೂ ಕೋಲ್ಡ್ ಸ್ಟೋರೇಜ್‌ನ ಬಾಗಿಲಲ್ಲಿ ನಿಂತಿದ್ದಾರೆ. ಚೀಲ ಬಿಚ್ಚುತ್ತಾರೆ.

ಈ ಕೊನೆಯ ಜಾಗದಲ್ಲಿ ನಾನು ಒಂದು ಸಾಲು ಬರೆದಿದ್ದೆ. "ಸಿಟ್ಟೂ ಹಾಗೆಯೇ, ತಣ್ಣಗೆ ಇಟ್ಟರೆ ಬಣ್ಣ ಹೋಗುವುದಿಲ್ಲ." ಇಡೀ ಕತೆಯಲ್ಲಿ ನನಗೆ ಜಾಸ್ತಿ ಇಷ್ಟವಾದ ಸಾಲು ಅದು. ಸಾಧನಕೇರಿ ಹತ್ತಿರ ತಿಂಗಳಿಗೊಮ್ಮೆ ನಾವು ಐದಾರು ಮಂದಿ ಕೂತು ಬರೆದದ್ದನ್ನು ಓದುತ್ತೇವೆ. ಅಲ್ಲಿ ಓದಿದಾಗ ಇಬ್ಬರು ಆ ಸಾಲನ್ನು ಹೊಗಳಿದರು. ಒಬ್ಬ ಗೆಳತಿ ಮಾತ್ರ ಸುಮ್ಮನಿದ್ದಳು. ಕೇಳಿದ್ದಕ್ಕೆ, "ನಾನು ಅಲ್ಲಿಗೆ ಬಂದು ಮುಟ್ಟೂದ್ರಾಗ ಇದ್ದೆ, ನೀನೇ ಕೈ ಹಿಡಿದು ಎಳೆದಿ" ಅಂದಳು. ಅದನ್ನು ತೆಗೆಯಲು ನನಗೆ ಎರಡು ವಾರ ಹಿಡಿಯಿತು. ಈಗ ಆ ಜಾಗದಲ್ಲಿ ಇಷ್ಟೇ ಇದೆ: "ಅಣ್ಣ ಒಂದು ಕಾಯಿ ತೆಗೆದು ಬೆಳಕಿಗೆ ಹಿಡಿದ. ಬಣ್ಣ ಹಂಗs ಇತ್ತು. ತಮ್ಮ ಬಾಗಿಲಿಗೆ ಒರಗಿ ಹೊರಗೆ ನೋಡುತ್ತಿದ್ದ."

ಕತೆ ಮುಗಿಯಿತು ಅಂದುಕೊಂಡೆ. ದೊಡ್ಡಮ್ಮನಿಗೆ ಮತ್ತೆ ಓದಿ ಹೇಳಿದೆ. ಅವರು ಹರೆಯದಲ್ಲಿ ಎಷ್ಟೋ ವರ್ಷ ಸುಗ್ಗಿಯಲ್ಲಿ ತುಂಬು ಬಿಡಿಸುವ ಕೂಲಿಗೆ ಹೋಗಿದ್ದರು. ತುಂಬು ಅಂದರೆ ಕಾಯಿಯ ತೊಟ್ಟು. ಹೆಂಗಸರು ಸಾಲಾಗಿ ಕೂತು ಒಂದೊಂದೇ ಕಾಯಿ ಹಿಡಿದು ಮುರಿಯುತ್ತಾರೆ. ಕತೆಯಲ್ಲಿ ಅಣ್ಣನ ಹೆಂಡತಿ ಅದೇ ಕೆಲಸಕ್ಕೆ ಹೋಗುತ್ತಾಳೆ ಅಂತ ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೆ.

ದೊಡ್ಡಮ್ಮ ಕೇಳಿಸಿಕೊಂಡು ತಮ್ಮ ಅಂಗೈ ನೋಡಿಕೊಂಡರು. "ಖಾರ ಕಡಿಮಿ ಖರೆ. ಆದ್ರ ದಿನಾ ಮುಂಜಾನಿಂದ ಸಂಜಿತನಾ ಮುರದ್ರ ಕೈ ಉರಿತಾವ. ನೀರಿಗೆ ಹೋಗೂದಿಲ್ಲ ಅದು. ಎಣ್ಣಿ ಹಚ್ಚಬೇಕು. ಅಕಿ ಕೈ ಎಲ್ಲಿ ಬರದಿ ನೀ?"

ನಾನು ಬರೆದಿರಲಿಲ್ಲ. ಬಣ್ಣ ಅಣ್ಣನದ್ದು ಅಂತ ಇಷ್ಟು ದಿನ ಅದರ ಹಿಂದೆಯೇ ಇದ್ದೆ. ಆ ಕಾಯಿಯ ಸ್ವಲ್ಪ ಖಾರ ಸಾವಿರ ಸಲ ಸೇರಿ ಯಾರ ಕೈಯಲ್ಲಿ ಉಳಿಯಿತು ಅಂತ ನೋಡಿರಲಿಲ್ಲ. ನನ್ನ ಹಾಳೆಯಲ್ಲಿ "ಯಾರ ಕೈ ಮುಟ್ಟುತ್ತದೆ" ಅನ್ನುವ ಪ್ರಶ್ನೆ ಇತ್ತು. ಅದರ ಮುಂದೆ ದಲಾಲಿ, ಹಮಾಲಿ, ಅಣ್ಣ, ತಮ್ಮ ಅಂತ ಬರೆದಿದ್ದೆ.

ಮೂರನೇ ಪ್ರತಿಯಲ್ಲಿ ಹೊಸ ಪ್ರಸಂಗ ಏನೂ ಸೇರಿಸಲಿಲ್ಲ. ಮನೆಯಲ್ಲಿ ಎಂಟು ತಿಂಗಳ ಕೂಸು ಮೊದಲೇ ಇತ್ತು. ದಿನಾ ಸಂಜೆ ಅದಕ್ಕೆ ಕಾಡಿಗೆ ಹಚ್ಚುವವರು ಯಾರು ಅಂತ ಮಾತ್ರ ಬದಲಿಸಿದೆ. ಕೂಸಿನ ಅವ್ವ, ಅಂದರೆ ಅಣ್ಣನ ಹೆಂಡತಿ, ಕೂಲಿಯಿಂದ ಬಂದು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಕಟ್ಟೆಯ ಮೇಲೆ ಕೂರುತ್ತಾಳೆ. ಕೂಸು ಅವಳ ಕಡೆ ಕೈ ಚಾಚುತ್ತದೆ. ಕಾಡಿಗೆ ಡಬ್ಬಿಯನ್ನು ಅವಳು ಅತ್ತೆಯ ಕಡೆ ಸರಿಸುತ್ತಾಳೆ.