ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಚರ್ಚೆಗೆ ಕೂರಿಸಿದ ಬಗೆ

ದಾವಣಗೆರೆ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ನಲಿಕಲಿ ಪದ್ಧತಿಯಂತೆ ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಯಾವ ಪ್ರಶ್ನೆ ಕೇಳಿದರೂ ಮೂರನೆಯ ತರಗತಿಯ ಕೆಲವರೇ ಉತ್ತರಿಸಿಬಿಡುತ್ತಿದ್ದರು. ಚಿಕ್ಕವರು ತಲೆಯಾಡಿಸಿ ಸುಮ್ಮನಾಗುತ್ತಿದ್ದರು.

ಅಮೆರಿಕದ ಶಿಕ್ಷಣತಜ್ಞ ಫ್ರಾಂಕ್ ಲೈಮನ್ 1981ರಲ್ಲಿ ರೂಪಿಸಿದ ‘ಯೋಚಿಸು, ಜೋಡಿಯಾಗು, ಹಂಚಿಕೋ’ ವಿಧಾನವನ್ನು ನಾನು ಆರಿಸಿಕೊಂಡೆ. ಇದರಲ್ಲಿ ಮಗು ಮೊದಲು ಒಂಟಿಯಾಗಿ ಯೋಚಿಸುತ್ತದೆ, ಆಮೇಲೆ ಜೊತೆಗಾರನೊಡನೆ ಮಾತಾಡುತ್ತದೆ, ಕೊನೆಗೆ ಇಡೀ ತರಗತಿಗೆ ಹೇಳುತ್ತದೆ. ಆದರೆ ಆರು ವರ್ಷದ ಮಗು ಸುಮ್ಮನೆ ಕುಳಿತು ಯೋಚಿಸುವುದು ಕಷ್ಟವಾದ್ದರಿಂದ, ಆ ಹಂತದಲ್ಲಿ ಸ್ಲೇಟಿನ ಮೇಲೆ ಚಿತ್ರ ಬಿಡಿಸಲು ಹೇಳಿದೆ. ಪ್ರಶ್ನೆಯೂ ಕೈಗೆ ಸಿಗುವಂಥದ್ದಾಗಿರಬೇಕು: ‘ಬಿಚ್ಚಿಟ್ಟ ಮಂಡಕ್ಕಿ ಮೆತ್ತಗಾಗುವುದೇಕೆ?’ ಎಂದು ಕೇಳಿ, ಗರಿಗರಿಯಾದ ಒಂದು ಹಿಡಿಯನ್ನೂ ಮೆತ್ತಗಾದ ಒಂದು ಹಿಡಿಯನ್ನೂ ಪ್ರತಿ ಜೋಡಿಗೆ ಕೊಟ್ಟೆ.

ನಿಜವಾದ ಬದಲಾವಣೆ ತಂದದ್ದು ಒಂದು ನಿಯಮ. ಹಂಚಿಕೊಳ್ಳುವಾಗ ತನ್ನ ಮಾತನ್ನಲ್ಲ, ಜೊತೆಗಾರನ ಮಾತನ್ನು ಹೇಳಬೇಕು. ಹಾಗಾಗಿ ದೊಡ್ಡವರು ಚಿಕ್ಕವರ ಮಾತಿಗೆ ಕಿವಿಗೊಡಲೇಬೇಕಾಯಿತು. ಎಂದೂ ಬಾಯಿ ಬಿಡದ ಒಂದನೇ ತರಗತಿಯ ಹುಡುಗಿಯ ಪರವಾಗಿ ಅವಳ ಜೊತೆಗಾರ ಎದ್ದು, ‘ಗಾಳ್ಯಾಗ ನೀರು ಐತಂತೆ ಸಾರ್, ಅದನ್ನ ಮಂಡಕ್ಕಿ ಕುಡೀತೈತಂತೆ’ ಎಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ತೇವಾಂಶದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ.

ಸರದಿಗಾಗಿ ಪ್ರತಿಯೊಬ್ಬರಿಗೂ ಎರಡು ಹುಣಸೆ ಬೀಜ ಕೊಡುತ್ತೇನೆ. ಮಾತನಾಡಿದವರು ಒಂದನ್ನು ನಡುವಿನ ತಟ್ಟೆಗೆ ಹಾಕಬೇಕು, ಬೀಜ ಮುಗಿದವರು ಕೇಳಿಸಿಕೊಳ್ಳಬೇಕು. ಅಂಗನವಾಡಿಯ ಮಕ್ಕಳು ಬೀಜವನ್ನು ಬಾಯಿಗೆ ಹಾಕಿಕೊಳ್ಳುವ ಅಪಾಯವಿರುವುದರಿಂದ ಅಲ್ಲಿ ದೊಡ್ಡ ಮರದ ತುಂಡುಗಳನ್ನು ಬಳಸುವುದು ಒಳಿತು.