ಸೊಳ್ಳೆಗಳ ಹೊಸ ಉಪಕುಲ ಕಟ್ಟುವಾಗ: ನನ್ನ ಅನುಭವ

ಪಶ್ಚಿಮಘಟ್ಟದ ಮರದ ಪೊಟರೆಗಳಲ್ಲಿ ಬೆಳೆಯುವ ಈಡಿಸ್ ಬಳಗದ ಸೊಳ್ಳೆಗಳನ್ನು ವಿಂಗಡಿಸುವುದು ನನ್ನ ಕೆಲಸ. ಬರೀ ಹೆಣ್ಣು ಸೊಳ್ಳೆ ನೋಡಿ ಹೊಸ ಉಪಕುಲ, ಅಂದರೆ ಒಂದು ಕುಲದೊಳಗಿನ ಹತ್ತಿರದ ಪ್ರಭೇದಗಳ ಗುಂಪು, ಕಟ್ಟಲು ಹೊರಟರೆ ಕೆಲಸ ಕೆಟ್ಟಂತೆಯೇ. ಬೆನ್ನ ಮೇಲಿನ ಬಿಳಿ ಪಟ್ಟೆ, ಕಾಲಿನ ಬಿಳಿ ಉಂಗುರ ಹತ್ತಿರದ ನಂಟಿಲ್ಲದ ಪ್ರಭೇದಗಳಲ್ಲೂ ಇರುತ್ತವೆ. ಲಾರ್ವಾ (ನೀರಿನಲ್ಲಿನ ಮರಿಹುಳು), ಪ್ಯೂಪಾ (ಸೊಳ್ಳೆಯಾಗುವ ಮುಂಚಿನ ಹಂತ), ಗಂಡು, ಹೆಣ್ಣು ನಾಲ್ಕನ್ನೂ ಒಟ್ಟಿಗಿಟ್ಟು ನೋಡಬೇಕು.

ಅದಕ್ಕಾಗಿ ಒಂದೊಂದು ಲಾರ್ವಾವನ್ನೂ ಬೇರೆ ಬೇರೆ ಸೀಸೆಯಲ್ಲಿ, ಅದೇ ಪೊಟರೆಯ ನೀರಲ್ಲಿ ಸಾಕುತ್ತೇನೆ. ಟಾಕ್ಸೊರಿಂಕೈಟಿಸ್ ಎಂಬ ಬೇರೆ ಕುಲದ ಸೊಳ್ಳೆಯ ಲಾರ್ವಾ ಕಂಡರೆ ಮೊದಲು ಅದನ್ನು ಎತ್ತಿಡಬೇಕು. ಜೊತೆಗೇ ಬಿಟ್ಟರೆ ಉಳಿದವನ್ನು ತಿಂದುಹಾಕುತ್ತದೆ. 4ನೇ ಹಂತದ ಲಾರ್ವಾ ಪ್ಯೂಪಾ ಆದಾಗ ಕಳಚಿದ ಪೊರೆಯನ್ನು ಸಣ್ಣ ಕುಂಚದಲ್ಲಿ ಎತ್ತಿ 80% ಆಲ್ಕೊಹಾಲಿಗೆ ಹಾಕುತ್ತೇನೆ. ಸೊಳ್ಳೆ ಹೊರಬಂದ ಮೇಲೆ ಪ್ಯೂಪಾದ ಪೊರೆಯೂ ಅಲ್ಲಿಗೇ. ಎರಡು ಪೊರೆಗೂ ಸೊಳ್ಳೆಗೂ ಒಂದೇ ಸಂಖ್ಯೆ.

ಹೊರಬಂದ ಸೊಳ್ಳೆಯನ್ನು ಕೂಡಲೇ ಕೊಲ್ಲಬಾರದು. ಗಂಡಿನ ಹೊಟ್ಟೆಯ ತುದಿ 180 ಡಿಗ್ರಿ ತಿರುಗಿ ನಿಲ್ಲಲು ಸುಮಾರು ಒಂದು ದಿನ ಬೇಕು. ಅವಸರ ಮಾಡಿದರೆ ಜನನಾಂಗ ಅರ್ಧ ತಿರುಗಿದ್ದಾಗಲೇ ಸಿಗುತ್ತದೆ, ಮೈಯೂ ಒಣಗಿ ಮುದುಡುತ್ತದೆ. ಕೊಲ್ಲಲು ಈಥೈಲ್ ಅಸಿಟೇಟ್ ಆವಿ ಸಾಕು. ಆಲ್ಕೊಹಾಲಿಗೆ ಹಾಕಿದರೆ ಹುರುಪೆಗಳು ಉದುರಿಹೋಗುತ್ತವೆ. ಪಿನ್ನಿಗೆ ಚುಚ್ಚಿದ ತ್ರಿಕೋನ ಕಾಗದದ ತುದಿಗೆ ಎದೆಯ ಬಲಬದಿಯನ್ನು ಅಂಟಿಸುತ್ತೇನೆ, ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಚುಕ್ಕೆಯಷ್ಟೇ. ಎಡಬದಿಯ ರೋಮಗಳು ಎಣಿಸಲು ಉಳಿಯುತ್ತವೆ. ರೋಮ ಉದುರಿದ್ದರೂ ಅದು ನಾಟಿದ್ದ ಕುಳಿ ಉಳಿದಿರುತ್ತದೆ, ಅದನ್ನೇ ಎಣಿಸಿದರಾಯಿತು. ರೋಮವೇ ಇಲ್ಲ ಎಂದು ಬರೆಯುವ ಮೊದಲು ಕುಳಿ ಹುಡುಕಿ.

ಗಂಡಿನ ಹೊಟ್ಟೆಯ ತುದಿ ಕತ್ತರಿಸಿ 10% ಪೊಟ್ಯಾಷಿಯಂ ಹೈಡ್ರಾಕ್ಸೈಡಿನಲ್ಲಿ ರಾತ್ರಿಯಿಡೀ ನೆನೆಸುತ್ತೇನೆ. ಬೇಗ ಆಗಲಿ ಎಂದು ಕಾಯಿಸಿದರೆ ಅಂಗ ಅತಿಯಾಗಿ ತಿಳಿಯಾಗಿ ಸಣ್ಣ ರೋಮಗಳು ಕಾಣದಾಗುತ್ತವೆ. ಆಮೇಲೆ ಅಸಿಟಿಕ್ ಆಮ್ಲ, ಏರುಪ್ರಮಾಣದ ಆಲ್ಕೊಹಾಲ್, ಲವಂಗದ ಎಣ್ಣೆ, ಕೊನೆಗೆ ಸ್ಲೈಡಿಗೆ ಕೂರಿಸಲು ಕೆನಡಾ ಬಾಲ್ಸಂ ಎಂಬ ಪಾರದರ್ಶಕ ಅಂಟು. ಸ್ಲೈಡು ಹಾಲಿನಂತೆ ಮಬ್ಬಾದರೆ ನೀರು ಪೂರ್ತಿ ಹೋಗಿಲ್ಲ ಎಂದರ್ಥ.

ಗುಂಪು ಕಟ್ಟುವುದು ಇದಕ್ಕಿಂತ ಕಷ್ಟ. ಎದ್ದು ಕಾಣುವ ನಾಲ್ಕು ಪ್ರಭೇದಗಳನ್ನು ಆಯ್ದು ಹೆಸರಿಡುವುದು ಸುಲಭ. ಆದರೆ ಅವು ಹೊರಟ ಮೇಲೆ ಹಳೆಯ ಗುಂಪಿನಲ್ಲಿ ಉಳಿದವು ಒಂದೇ ಪೂರ್ವಜನ ಸಂತತಿಯಾಗಿ ನಿಲ್ಲುತ್ತವೆಯೇ? ನಿಲ್ಲದಿದ್ದರೆ ನಾವು ಕಟ್ಟಿದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ದರ್ಜೆಯಲ್ಲಂತೂ ನಾನು ಜಿಪುಣ, ಉಪಕುಲಕ್ಕಿಂತ ಮೇಲೆ ಹೋಗುವುದಿಲ್ಲ. 2004ರಲ್ಲಿ ಸ್ಟೆಗೊಮಿಯಾ ಉಪಕುಲವನ್ನು ಕುಲವಾಗಿ ಏರಿಸಿದಾಗ ಡೆಂಗಿ ಹರಡುವ ಈಡಿಸ್ ಈಜಿಪ್ಟೈ ಹೆಸರೇ ಬದಲಾಯಿತು, ವೈದ್ಯರೂ ಆರೋಗ್ಯ ಇಲಾಖೆಗಳೂ ಹಳೆಯದನ್ನೇ ಬಳಸುತ್ತ ಹೋದರು. 2015ರಲ್ಲಿ ಹಳೆಯ ಹೆಸರು ಮರಳಿತು. ಉಪಕುಲವಾದರೆ ಕುಲ, ಪ್ರಭೇದ ಸೇರಿದ ಎರಡು ಪದಗಳ ಹೆಸರು ಹಾಗೇ ಇರುತ್ತದೆ.

ಹೆಸರಿಡುವಾಗ ಮಾದರಿ ಪ್ರಭೇದವನ್ನು, ಅಂದರೆ ಗುಂಪಿನ ಹೆಸರು ಯಾವ ಪ್ರಭೇದಕ್ಕೆ ಅಂಟಿಕೊಂಡಿರುತ್ತದೋ ಅದನ್ನು, ಸ್ಪಷ್ಟವಾಗಿ ಸೂಚಿಸಲೇಬೇಕು, ಇಲ್ಲದಿದ್ದರೆ ಹೆಸರು ಊರ್ಜಿತವಲ್ಲ. ಅದೇ ಹೆಸರು ಯಾವುದೋ ಮೀನಿಗೋ ಜೇಡಕ್ಕೋ ಮೊದಲೇ ಇದ್ದರೂ ನಮ್ಮದು ನಿಲ್ಲುವುದಿಲ್ಲ. ಪ್ರಬಂಧ ಬರೀ ಆನ್‌ಲೈನಿನಲ್ಲಿ ಬರುವುದಾದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಅಧಿಕೃತ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿ ಮೊದಲೇ ಆಗಿರಬೇಕು, ಅದರ ಗುರುತು ಪ್ರಬಂಧದೊಳಗೇ ಅಚ್ಚಾಗಿರಬೇಕು.