ಕೆಂಪು ಕಲ್ಲು, ಹಸಿರು ಪಾಚಿ: ಕಪ್ಪು ಬಿಳುಪು ಫೋಟೊ ಎಡಿಟ್ ಮಾಡುವ ನನ್ನ ಅನುಭವ

ಕಾರವಾರದ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಚಿರೆಕಲ್ಲಿನ ಪಾಗಾರಗಳನ್ನು ನೋಡಬೇಕು. ಕೆಂಪು ಕಲ್ಲು, ಅದರ ಮೇಲೆ ದಪ್ಪಗೆ ಹಸಿರು ಪಾಚಿ. ಬಣ್ಣದಲ್ಲಿ ಫೋಟೊ ತೆಗೆದರೆ ಕಣ್ಣಿಗೆ ಹಬ್ಬ. ಅದೇ ಫೋಟೊವನ್ನು ಮೊಬೈಲಿನಲ್ಲಿ ಒಂದು ಬಟನ್ ಒತ್ತಿ ಕಪ್ಪು ಬಿಳುಪು ಮಾಡಿ ನೋಡಿ. ಕಲ್ಲು ಎಲ್ಲಿ ಮುಗಿಯಿತು, ಪಾಚಿ ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ಇಡೀ ಗೋಡೆ ಒಂದೇ ಬೂದು.

ಇದಕ್ಕೆ ಕಾರಣ ಲೆಕ್ಕದಲ್ಲಿದೆ. ಡಿಜಿಟಲ್ ಫೋಟೊದ ಪ್ರತಿ ಚುಕ್ಕೆಯಲ್ಲೂ ಕೆಂಪು, ಹಸಿರು, ನೀಲಿ ಅಂತ ಮೂರು ಅಂಕಿ ಇರುತ್ತವೆ. 0 ಅಂದರೆ ಏನೂ ಇಲ್ಲ, 255 ಅಂದರೆ ಪೂರ್ತಿ. ಬೂದು ಮಾಡುವಾಗ ಬಹಳಷ್ಟು ಸಾಫ್ಟ್‌ವೇರ್‌ಗಳು ಕೆಂಪಿನಿಂದ ಸುಮಾರು ಶೇ. 30, ಹಸಿರಿನಿಂದ 59, ನೀಲಿಯಿಂದ 11 ತೆಗೆದುಕೊಂಡು ಕೂಡಿಸುತ್ತವೆ. ನಮ್ಮ ಕಣ್ಣಿಗೆ ಹಸಿರೇ ಜಾಸ್ತಿ ಹೊಳಪಾಗಿ ಕಾಣುವುದರಿಂದ ಈ ಹಂಚಿಕೆ. ಈಗ ಕಲ್ಲಿನ ಅಂಕಿ 160, 80, 50 ಅಂತಿಟ್ಟುಕೊಳ್ಳಿ. ಪಾಚಿಯದ್ದು 70, 120, 40. ಕೂಡಿಸಿದರೆ ಕಲ್ಲಿಗೆ ಸುಮಾರು 100, ಪಾಚಿಗೆ 96. ಇಷ್ಟು ಸಣ್ಣ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಷ್ಟ.

ಕೆಂಪು ಚಾನೆಲ್, ಅಂದರೆ ಕೆಂಪಿನ ಅಂಕಿ ಒಂದನ್ನೇ ತೆಗೆದುಕೊಂಡರೆ? ಕಲ್ಲು 160, ಪಾಚಿ 70. ಕಲ್ಲು ಬೆಳಗುತ್ತದೆ, ಪಾಚಿ ಕಪ್ಪಾಗಿ ಕೂರುತ್ತದೆ. ಹಸಿರು ಚಾನೆಲ್ ತೆಗೆದುಕೊಂಡರೆ ಅದು ತಿರುಗುಮುರುಗು. ಒಂದೇ ಗೋಡೆ, ಎರಡು ಬೇರೆ ಬೇರೆ ಫೋಟೊ! ನನ್ನ ಮಟ್ಟಿಗೆ ಕಪ್ಪು ಬಿಳುಪಿನ ಎಡಿಟಿಂಗ್ ಅಂದರೆ ಮುಕ್ಕಾಲು ಪಾಲು ಇದೇ: ಯಾವ ಬಣ್ಣ ಯಾವ ಬೂದು ಆಗಬೇಕು ಅಂತ ನಾವೇ ತೀರ್ಮಾನ ಮಾಡುವುದು. ಸಾಫ್ಟ್‌ವೇರ್‌ಗೆ ಬಿಟ್ಟರೆ ಅದು ಎಲ್ಲರ ಫೋಟೊಗೂ ಒಂದೇ ತೀರ್ಮಾನ ಮಾಡುತ್ತದೆ.

ನಾನು ಹೆಚ್ಚಾಗಿ ಕಂಪ್ಯೂಟರಿನಲ್ಲಿ ಜಿಂಪ್ ಅನ್ನುವ ಫೋಟೊ ಸಾಫ್ಟ್‌ವೇರ್ ಬಳಸುತ್ತೇನೆ. ದುಡ್ಡು ಕೊಡಬೇಕಿಲ್ಲ, ಯಾವ ಬಣ್ಣದಿಂದ ಎಷ್ಟು ಪಾಲು ಅಂತ ನಾವೇ ಹೇಳುವ ಮೋನೊ ಮಿಕ್ಸರ್ ಅನ್ನುವ ಸಲಕರಣೆ ಅದರಲ್ಲೇ ಇದೆ. ಮೂರು ಬಣ್ಣದ ಮೊತ್ತ 1ರ (ಅಂದರೆ ಶೇ. 100ರ) ಆಸುಪಾಸಿನಲ್ಲಿ ಇಟ್ಟರೆ ಫೋಟೊದ ಒಟ್ಟು ಬೆಳಕು ಹೆಚ್ಚು ಕಮ್ಮಿ ಆಗುವುದಿಲ್ಲ. ಮೊಬೈಲಿನಲ್ಲಾದರೆ ಸ್ನ್ಯಾಪ್‌ಸೀಡ್ ಆ್ಯಪ್ ಸಾಕು. ಅದರ ಬ್ಲ್ಯಾಕ್ ಆ್ಯಂಡ್ ವೈಟ್ ವಿಭಾಗದಲ್ಲಿ ಕೆಂಪು, ಕಿತ್ತಳೆ, ಹಳದಿ, ಹಸಿರು, ನೀಲಿ ಫಿಲ್ಟರ್‌ಗಳಿವೆ. ಹಿಂದೆ ರೀಲಿನ ಕಾಲದವರು ಲೆನ್ಸಿನ ಮುಂದೆ ಬಣ್ಣದ ಗಾಜು ಹಾಕುತ್ತಿದ್ದರಲ್ಲ, ಅದೇ ಕೆಲಸ.

ಆದರೆ ಕ್ಯಾಮೆರಾದಲ್ಲೇ ಕೆಟ್ಟರೆ ಮಿಕ್ಸರ್ ಏನೂ ಮಾಡಲಾರದು. ನಮ್ಮ ಜಿಲ್ಲೆಯಲ್ಲಿ ಕಪ್ಪಿಗೂ ಬಿಳಿಗೂ ಒಂದೊಂದು ಊರಿದೆ. ಕಪ್ಪಿಗೆ ಯಾಣ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಡುಗಪ್ಪು ಕಲ್ಲು. ಬಿಳಿಗೆ ಗೋಕರ್ಣದ ಹತ್ತಿರದ ಸಾಣಿಕಟ್ಟಾ, ಬೇಸಿಗೆಯಲ್ಲಿ ಅಲ್ಲಿ ಉಪ್ಪಿನ ರಾಶಿ. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್‌ಗೆ ಕಪ್ಪೂ ಗೊತ್ತಿಲ್ಲ, ಬಿಳಿಯೂ ಗೊತ್ತಿಲ್ಲ. ಎದುರಿಗಿರುವುದೆಲ್ಲ ನಡುವಿನ ಬೂದು ಅಂದುಕೊಂಡೇ ಅದು ಅಳೆಯುತ್ತದೆ. ಹಾಗಾಗಿ ಯಾಣದ ಕಲ್ಲು ಬೂದಿ ಬಳಿದ ಹಾಗೆ ಬರುತ್ತದೆ, ಸಾಣಿಕಟ್ಟಾದ ಉಪ್ಪು ಕೊಳಕಾಗಿ ಬರುತ್ತದೆ. ಯಾಣದಲ್ಲಿ ನಾನು ಎಕ್ಸ್‌ಪೋಷರ್ ಒಂದು ಸ್ಟಾಪ್ ಇಳಿಸುತ್ತೇನೆ (ಅಂದರೆ ಒಳಗೆ ಬೀಳುವ ಬೆಳಕು ಅರ್ಧ ಮಾಡುತ್ತೇನೆ), ಉಪ್ಪಿನಗದ್ದೆಯಲ್ಲಿ ಒಂದು ಏರಿಸುತ್ತೇನೆ. ಉಪ್ಪಿನ ಹರಳು ಪೂರ್ತಿ ಬೆಳ್ಳಗಾಗಿ ಅಳಿಸಿಹೋಗಬಾರದು, ಅದಕ್ಕೆ ಕಪ್ಪಿನಿಂದ ಬಿಳಿಯವರೆಗೆ ಎಷ್ಟೆಷ್ಟು ಇದೆ ಅಂತ ತೋರಿಸುವ ಹಿಸ್ಟೋಗ್ರಾಂ ನಕ್ಷೆಯ ಬಲಗಡೆ ತುದಿ ನೋಡುತ್ತಲೇ ಇರುತ್ತೇನೆ.

ಎಡಿಟ್ ಮಾಡುವುದಕ್ಕಿಂತ ನೋಡುವುದನ್ನು ಕಲಿಯಲು ನನಗೆ ಜಾಸ್ತಿ ಕಾಲ ಬೇಕಾಯಿತು. ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೊಗಳನ್ನು ಎಷ್ಟು ನೋಡಿದರೂ ಸಾಲದು. ಪದ್ಮಶ್ರೀ ಬಂದ ಛಾಯಾಗ್ರಾಹಕರು, ಆದರೆ ಅವರು ತೆಗೆದದ್ದು ಹೆಚ್ಚಾಗಿ ನಮ್ಮ ನಿಮ್ಮಂಥ ಜನರನ್ನು, ಮಕ್ಕಳನ್ನು. ಒಳ್ಳೆಯ ಫೋಟೊ ಕೈಗೆ ಸಿಕ್ಕರೆ ಮೊದಲು ಕಣ್ಣು ಕಿರಿದು ಮಾಡಿ ನೋಡುತ್ತೇನೆ. ವಿವರಗಳೆಲ್ಲ ಮಸುಕಾಗಿ ಬರೀ ಕಪ್ಪು, ಬೂದು, ಬಿಳಿಯ ತುಂಡುಗಳು ಉಳಿಯುತ್ತವೆ. ಅತಿ ಕಪ್ಪು ಎಲ್ಲಿದೆ, ಅತಿ ಬಿಳಿ ಎಲ್ಲಿದೆ, ಅವೆರಡೂ ಎಲ್ಲಿ ತಾಗುತ್ತವೆ? ಕಣ್ಣು ಮೊದಲು ಹೋಗುವುದು ಆ ತಾಗುವ ಜಾಗಕ್ಕೇ. ಆಮೇಲೆ ಫೋಟೊ ತಲೆಕೆಳಗು ಮಾಡಿ ಇನ್ನೊಮ್ಮೆ ನೋಡುತ್ತೇನೆ. ಸುಮ್ನೆ ಮಾಡಿ ನೋಡಿ, ಮೂಲೆಯಲ್ಲಿ ಬೇಡದ ಬಿಳಿ ಚುಕ್ಕೆ ಇದ್ದರೆ ಆಗ ಥಟ್ಟನೆ ಕಾಣುತ್ತದೆ.

ಶಿರಸಿ ಕಡೆಯ ಅಡಿಕೆ ಸುಲಿಯುವ ರಾತ್ರಿಗಳು ನನಗೆ ತುಂಬಾ ಇಷ್ಟ. ಜಗುಲಿಯಲ್ಲಿ ಸಾಲಾಗಿ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಾರೆ, ತಲೆ ಮೇಲೆ ಒಂದು ಬಲ್ಬು. ಮುಖದ ಅರ್ಧ ಬೆಳಕು, ಅರ್ಧ ಕತ್ತಲೆ. ಹಳೆಯ ಹಳದಿ ಬಲ್ಬಿನ ಬೆಳಕಲ್ಲಿ ನೀಲಿ ತೀರಾ ಕಮ್ಮಿ. ಅದಕ್ಕೇ ಅಲ್ಲಿ ತೆಗೆದ ಫೋಟೊದ ನೀಲಿ ಚಾನೆಲ್ ತೆರೆದು ನೋಡಿದರೆ ಮರಳು ಎರಚಿದ ಹಾಗೆ ನಾಯ್ಸ್, ಅಂದರೆ ಬೇಡದ ಚುಕ್ಕೆಗಳು. ನಾನು ಅದನ್ನು ಸೊನ್ನೆಗೆ ಇಳಿಸಿ ಕೆಂಪು, ಹಸಿರಿನಲ್ಲೇ ಕೆಲಸ ಮುಗಿಸುತ್ತೇನೆ. ಕೈ, ಕತ್ತಿಯ ಅಲಗು, ಗೊನೆಯ ರಾಶಿ ಎಲ್ಲ ಸ್ಪಷ್ಟವಾಗುತ್ತವೆ. ಹಿಂದಿನ ಗೋಡೆ ಕತ್ತಲಾಗಿ ಹೋದರೆ ಹೋಗಲಿ. ನೆರಳನ್ನು ತಿಳಿ ಮಾಡುವ ಶ್ಯಾಡೋ ಸ್ಲೈಡರ್ ಎಳೆದು ಆ ಕತ್ತಲೆಯನ್ನು ಬೆಳಗಿಸುವವರನ್ನು ನೋಡಿದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ರಾತ್ರಿ ರಾತ್ರಿಯ ಹಾಗೇ ಇರಬೇಕಲ್ವಾ?

ಇದಕ್ಕಿಂತ ಬೇಜಾರಿನ ವಿಷಯ ಇನ್ನೊಂದಿದೆ. ಅಂಕೋಲಾ ಪೇಟೆಗೆ ತರಕಾರಿ ಮಾರಲು ಬರುವ ಹಾಲಕ್ಕಿ ಹೆಂಗಸರ ಫೋಟೊ ಎಲ್ಲರೂ ತೆಗೆಯುತ್ತಾರೆ, ಕೊರಳು ತುಂಬಾ ಮಣಿಸರ ಇರುತ್ತದಲ್ಲ. ಕೆಲವರ ಎಡಿಟಿಂಗ್ ಆದ ಮೇಲೆ ಆ ಮುಖಗಳು ಬೆಳ್ಳಗಾಗಿಬಿಟ್ಟಿರುತ್ತವೆ. ನಮ್ಮ ಚರ್ಮದಲ್ಲಿ ಕೆಂಪು, ಕಿತ್ತಳೆಯ ಪಾಲು ಜಾಸ್ತಿ. ಕೆಂಪು ಫಿಲ್ಟರ್ ಹಾಕಿದರೆ ಅಥವಾ ಕಿತ್ತಳೆ ಸ್ಲೈಡರ್ ಏರಿಸಿದರೆ ಯಾರ ಮುಖವಾದರೂ ಬಿಳಿಚುತ್ತದೆ, ಸುಕ್ಕುಗಳು ಮಾಯವಾಗುತ್ತವೆ. ಬಿಸಿಲಲ್ಲಿ ಗದ್ದೆ ಕೆಲಸ ಮಾಡಿದ ಮುಖಕ್ಕೆ ಹೀಗೆ ಮಾಡುವುದು ಅನ್ಯಾಯ. ಮುಖದ ಫೋಟೊ ಆದರೆ ನಾನು ಹಸಿರು ಚಾನೆಲ್‌ಗೆ ಹೆಚ್ಚು ಪಾಲು ಕೊಡುತ್ತೇನೆ. ಚರ್ಮ ತನ್ನ ಕಪ್ಪಿನಲ್ಲೇ ಉಳಿಯುತ್ತದೆ, ಹಣೆಯ ಗೆರೆ, ಕಣ್ಣಂಚಿನ ಸುಕ್ಕು ಎಲ್ಲ ಎದ್ದು ಬರುತ್ತವೆ. ಹಾಗೇ ಕ್ಯಾಮೆರಾ ಎತ್ತುವ ಮೊದಲು "ಅಮ್ಮಾ, ಒಂದು ಫೋಟೊ ತೆಗೀಲಾ?" ಅಂತ ಕೇಳಿ. ಬೇಡ ಅಂದರೆ ಸೊಪ್ಪು ತಗೊಂಡು ಬನ್ನಿ.

ಆಕಾಶದ ವಿಷಯಕ್ಕೆ ಬಂದರೆ, ಕೆಂಪು ಫಿಲ್ಟರ್ ಕಪ್ಪು ಮಾಡುವುದು ನೀಲಿಯನ್ನು ಮಾತ್ರ. ಜುಲೈನ ಮೋಡಕ್ಕೆ ಬಣ್ಣವೇ ಇಲ್ಲ, ಯಾವ ಫಿಲ್ಟರೂ ಅಲ್ಲಿ ನಡೆಯುವುದಿಲ್ಲ. ಆಗ ನಾನು ಆಕಾಶ ಬಿಟ್ಟು ಕೆಳಗೆ ನೋಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಒದ್ದೆ ಹಗ್ಗ, ಒದ್ದೆ ಮರ, ಹಾಗೆ ನಿಂತ ನೀರು. ಮೋಡದ ಮೆತ್ತನೆ ಬೆಳಕಲ್ಲಿ ಇವೆಲ್ಲ ಎಷ್ಟು ಬಗೆಯ ಬೂದು ಕೊಡುತ್ತವೆ ಅಂದರೆ, ಮಿಕ್ಸರ್ ಮುಟ್ಟುವುದೇ ಬೇಡ ಅನ್ನಿಸುತ್ತದೆ. ನವೆಂಬರ್‌ನಲ್ಲಿ ಕಾಳಿ ನದಿಯ ಮೇಲೆ ಆಕಾಶ ಗಾಢ ನೀಲಿಯಾದಾಗ ಕೆಂಪು ಫಿಲ್ಟರ್ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ನೀಲಿ ಸ್ಲೈಡರ್ ತಳಕ್ಕೆ ಎಳೆದರೆ ಸದಾಶಿವಗಡದ ಗುಡ್ಡದ ಅಂಚಿಗೆ ಬಿಳಿ ಗೆರೆ ಮೂಡುತ್ತದೆ, ಆಕಾಶದಲ್ಲಿ ಪಟ್ಟೆ ಬೀಳುತ್ತದೆ. ಮಾಮೂಲಿ ಜೆಪೆಗ್ ಫೈಲಿನಲ್ಲಿ ಒಂದು ಚಾನೆಲ್‌ಗೆ ಹೊಳಪಿನ 256 ಹಂತ ಮಾತ್ರ, ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಉಳಿಸುವ 14 ಬಿಟ್ ರಾ ಫೈಲಿನಲ್ಲಿ 16,384. ಆಕಾಶ ಎಳೆದಾಡುವ ಆಸೆ ಇದ್ದರೆ ರಾ ಫೈಲೇ ತೆಗೆಯಿರಿ.

"ಇಷ್ಟೆಲ್ಲ ಮಾಡಿದರೆ ಅದು ನಿಜವಾದ ಫೋಟೊನಾ?" ಅಂತ ಕೆಲವರು ಕೇಳುತ್ತಾರೆ. ಅಮೆರಿಕದ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೊದ ಹಳ್ಳಿಯೊಂದರ ಮೇಲೆ ಚಂದ್ರ ಏರಿದ್ದನ್ನು ತೆಗೆದರು. ಅದೇ ನೆಗೆಟಿವ್‌ನಿಂದ ದಶಕಗಳ ಕಾಲ ಪ್ರಿಂಟ್ ಹಾಕಿದರು. ಮೊದಲಿನ ಪ್ರಿಂಟ್‌ಗಳಲ್ಲಿ ಆಕಾಶದಲ್ಲಿ ಮೋಡದ ಎಳೆಗಳು ಕಾಣುತ್ತವೆ, ಆಮೇಲಿನವುಗಳಲ್ಲಿ ಆಕಾಶ ಬಹುತೇಕ ಕಪ್ಪು. ಡಾರ್ಕ್‌ರೂಮಿನಲ್ಲಿ ಕೈ ಅಡ್ಡ ಹಿಡಿದು ಒಂದು ಭಾಗ ತಿಳಿ ಮಾಡುವುದು, ಇನ್ನೊಂದಕ್ಕೆ ಹೆಚ್ಚು ಬೆಳಕು ಕೊಟ್ಟು ಕಪ್ಪು ಮಾಡುವುದು ಮೊದಲಿನಿಂದಲೂ ಇತ್ತು. ನಾನೂ ಡಾಜ್ (ತಿಳಿ ಮಾಡುವುದು), ಬರ್ನ್ (ಕಪ್ಪು ಮಾಡುವುದು) ಮಾಡುತ್ತೇನೆ, ಮೆತ್ತನೆ ಅಂಚಿನ ದೊಡ್ಡ ಬ್ರಷ್ಷಿನಲ್ಲಿ, ತೀರಾ ಸ್ವಲ್ಪ ಸ್ವಲ್ಪವೇ. ಎಲ್ಲಿ ಮಾಡಿದ್ದೀರಿ ಅಂತ ನೋಡುವವರಿಗೆ ಗೊತ್ತಾದರೆ ಅದು ಜಾಸ್ತಿಯಾಯಿತು ಅಂತಲೇ ಅರ್ಥ.

ಕೊನೆಗೆ ಪ್ರಿಂಟ್. ಪರದೆ ಒಳಗಿನಿಂದ ಬೆಳಗುತ್ತದೆ, ಕಾಗದ ಬೆಳಗುವುದಿಲ್ಲ. ಮೊಬೈಲಿನಲ್ಲಿ ಕಂಡ ನೆರಳಿನ ವಿವರ ಕಾಗದದ ಮೇಲೆ ಮುಚ್ಚಿಹೋಗುತ್ತದೆ. ಪರದೆಯ ಬ್ರೈಟ್‌ನೆಸ್ ಅರ್ಧಕ್ಕೆ ಇಳಿಸಿ ಎಡಿಟ್ ಮಾಡಿ. ದೊಡ್ಡ ಪ್ರಿಂಟಿಗೆ ಕೊಡುವ ಮೊದಲು ಒಂದು ಸಣ್ಣದು ಹಾಕಿಸಿ, ಸ್ಟುಡಿಯೊದ ಟ್ಯೂಬ್‌ಲೈಟ್ ಕೆಳಗೆ ಬೇಡ, ಹೊರಗೆ ಹಗಲು ಬೆಳಕಲ್ಲಿ ನೋಡಿ. ನಾನು ಮ್ಯಾಟ್ ಕಾಗದಕ್ಕೆ ಕೊಡುತ್ತೇನೆ, ಪ್ರತಿಫಲನದ ಕಾಟ ಇಲ್ಲ. ನಮ್ಮ ಮಳೆಗಾಲದ ಥಂಡಿಗೆ ಕಾಗದಕ್ಕೂ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಪ್ರಿಂಟ್‌ಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡುತ್ತೇನೆ, ಬಿಸಿಲು ಬಂದ ಮೇಲೆ ಹೊರಗೆ ತೆಗೆದು ಫ್ರೇಮ್ ಹಾಕಿಸುತ್ತೇನೆ.